ಗುಳೆ ಹೋದವರ ಕಾದಂಬರಿಯಲ್ಲಿ ನಮ್ಮ ಜಾಗ ಯಾವುದು?

(ಚಳ್ಳಕೆರೆಯಲ್ಲಿ ರೈತರ ಓದುಕೂಟದ ಮುಂದೆ ಆಡಿದ ಮಾತಿನ ಬರಹರೂಪ)



ಧಾರಣೆ, ಸಾಲ, ಬಡ್ಡಿ, ನೋಟೀಸು ಇವುಗಳ ಬಗ್ಗೆ ಮಾತಾಡುವ ಜಾಗದಲ್ಲಿ ಕಾದಂಬರಿಯ ಮಾತೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ಕತೆ ಓದಿ ಯಾರ ಸಾಲವೂ ತೀರೋದಿಲ್ಲ. ಆದರೆ ನಾನು ಇವತ್ತು ಹೇಳಹೊರಟಿರುವ ಕಾದಂಬರಿ ಧಾರಣೆ ಮತ್ತು ಸಾಲದ ಮೇಲೆಯೇ ಬರೆದದ್ದು. ಜಮೀನು ಕೈಬಿಟ್ಟು ಗುಳೆ ಹೋದ ಒಕ್ಕಲು ಮಕ್ಕಳ ಕತೆ ಅದು. ನಮ್ಮ ಖಾತೆ ಪುಸ್ತಕದಲ್ಲಿ ಕಾಣದ ಒಂದು ಲೆಕ್ಕ ಅದರಲ್ಲಿ ಕಾಣುತ್ತದೆ.

ಓದು ಬರಹ ಈ ಸೀಮೆಗೆ ಹೊಸದೇನಲ್ಲ. ಟಿ.ಎಸ್. ವೆಂಕಣ್ಣಯ್ಯನವರ, ತ.ರಾ.ಸು. ಅವರ ಹೆಸರಿನ ಮೊದಲಕ್ಷರ ನಮ್ಮ ತಳುಕಿನದು. ಅಂಥ ನೆಲದ ರೈತರು ಒಂದು ದೊಡ್ಡ ಕಾದಂಬರಿಯನ್ನು ಕುಂತು ಓದಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಪುಸ್ತಕದ ಹೆಸರು ‘ದಿ ಗ್ರೇಪ್ಸ್ ಆಫ್ ರಾತ್’. ಕ್ರೋಧದ ದ್ರಾಕ್ಷಿ ಎಂದು ಅರ್ಥ. ಬರೆದವರು ಅಮೆರಿಕದ ಜಾನ್ ಸ್ಟೀನ್‌ಬೆಕ್. 1936ರಲ್ಲಿ ಒಂದು ಪತ್ರಿಕೆಗಾಗಿ ಅವರು ಕ್ಯಾಲಿಫೋರ್ನಿಯಾದ ತೋಟದ ಕೂಲಿಗಳ ಗುಡಾರಗಳನ್ನು ಸುತ್ತಿದರು. ಹಳ್ಳದ ದಂಡೆಯಲ್ಲಿ ರಟ್ಟು, ಗೋಣಿಚೀಲ ಕಟ್ಟಿಕೊಂಡು ಬದುಕುತ್ತಿದ್ದ ಸಂಸಾರಗಳನ್ನು ಕಣ್ಣಾರೆ ಕಂಡರು. 1938ರಲ್ಲಿ ಕುಂತು ಕಾದಂಬರಿ ಬರೆದರು, 1939ರಲ್ಲಿ ಅಚ್ಚಾಯಿತು. 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು, 1962ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರಶಸ್ತಿಯ ಮಾತು ಹಾಗಿರಲಿ, ಕತೆಗೆ ಬರೋಣ.

ಓಕ್ಲಹೋಮಾ ಎಂಬ ಸೀಮೆಯಲ್ಲಿ ಜೋಡ್ ಅಂತ ಒಂದು ಮನೆತನ. ಹತ್ತಿ ಬೆಳೆಯೋರು. ಅಜ್ಜನ ಕಾಲದಲ್ಲಿ ಜಮೀನು ಸ್ವಂತದ್ದು. ಒಂದು ವರ್ಷ ಬೆಳೆ ಕೈಕೊಟ್ಟಿತು, ಸ್ವಲ್ಪ ಸಾಲ ಮಾಡಿದರು. ಸಾಲ ಬೆಳೆಯಿತು, ಜಮೀನು ಬ್ಯಾಂಕಿನ ಪಾಲಾಯಿತು. ಅದೇ ನೆಲದಲ್ಲಿ ಅವರೇ ಕೋರಿಗೆ ಉಳುವವರಾದರು. ಕೊನೆಗೆ ಒಂದು ದಿನ ಟ್ರ್ಯಾಕ್ಟರು ಬಂತು. ಹತ್ತಾರು ಸಂಸಾರ ಮಾಡುತ್ತಿದ್ದ ಉಳುಮೆಯನ್ನು ಒಬ್ಬ ಡ್ರೈವರು ದಿನಕ್ಕೆ 3 ಡಾಲರ್ ಕೂಲಿಗೆ ಮಾಡತೊಡಗಿದ. ಆ ಡ್ರೈವರು ಹೊರಗಿನವನೇನಲ್ಲ, ಅದೇ ಊರಿನ ರೈತನ ಮಗ. ಜೋಡ್ ಮನೆಯವರು ಪಾತ್ರೆ ಪಗಡ, ನೇಗಿಲು, ಕುದುರೆ ಎಲ್ಲ ಮಾರಿ ಕೈಗೆ ಬಂದ 18 ಡಾಲರ್ ಹಿಡಿದುಕೊಂಡು, ಒಂದು ಹಳೇ ಮೋಟಾರನ್ನು ಲಾರಿಯ ಹಾಗೆ ಮಾಡಿಕೊಂಡು, 13 ಜನ ಕ್ಯಾಲಿಫೋರ್ನಿಯಾದ ದಾರಿ ಹಿಡಿದರು.

ಇಷ್ಟು ಕೇಳಿದರೆ ನಮಗೆ ಇದು ಬರಗಾಲದ ಕತೆ ಅನ್ನಿಸುತ್ತದೆ. ಬರ ಇತ್ತು, ನಿಜ. 1935ರ ಏಪ್ರಿಲ್ 14ರಂದು ಆ ಬಯಲಿನಲ್ಲಿ ಎದ್ದ ಧೂಳು ಹಗಲನ್ನೇ ಕತ್ತಲು ಮಾಡಿತು. ‘ಕಪ್ಪು ಭಾನುವಾರ’ ಎಂದು ಅದಕ್ಕೆ ಹೆಸರೇ ಬಿತ್ತು. ಆದರೆ ಭಾರೀ ಧೂಳು ಎದ್ದದ್ದು ಓಕ್ಲಹೋಮಾದ ಪಡುವಣ ತುದಿಯಲ್ಲಿ. ಜೋಡ್ ಮನೆತನದ ಊರು ಇರುವುದು ಮೂಡಣ ಭಾಗದಲ್ಲಿ. ಅವರನ್ನು ಎಬ್ಬಿಸಿದ್ದರಲ್ಲಿ ಗಾಳಿಗಿಂತ ಧಾರಣೆಯ ಪಾಲು ದೊಡ್ಡದು. 1919ರಲ್ಲಿ ಪೌಂಡಿಗೆ 35 ಸೆಂಟ್ ಇದ್ದ ಹತ್ತಿ 1931ರಲ್ಲಿ 6 ಸೆಂಟಿಗಿಂತ ಕೆಳಗೆ ಬಿತ್ತು. ಧಾರಣೆ ಏರಿಸುವುದಕ್ಕೆಂದು 1933ರಲ್ಲಿ ಸರ್ಕಾರ ಒಂದು ಕಾನೂನು ತಂದಿತು: ಹತ್ತಿ ಬಿತ್ತದೆ ಜಮೀನು ಖಾಲಿ ಬಿಟ್ಟರೆ ದುಡ್ಡು ಕೊಡುತ್ತೇವೆ ಅಂತ. ದುಡ್ಡು ಹೆಚ್ಚಾಗಿ ಹೋದದ್ದು ಭೂಮಾಲೀಕನ ಕೈಗೆ. ಅವನು ಕೋರಿನವರನ್ನು ಬಿಡಿಸಿದ, ಎಷ್ಟೋ ಕಡೆ ಅದೇ ದುಡ್ಡಿನಲ್ಲಿ ಟ್ರ್ಯಾಕ್ಟರು ತಂದ. ರೈತನನ್ನು ಉಳಿಸಲು ಬಂದ ಯೋಜನೆ ಕೋರಿನ ರೈತನನ್ನು ಹೊರಗೆ ಹಾಕಿತು.

ಇದನ್ನು ಕೇಳಿ ನಮ್ಮ ಊರನ್ನು ನೆನೆಯಿರಿ. ಬೆಳೆ ಪರಿಹಾರ ಬಂದಾಗ ಅದು ಯಾರ ಖಾತೆಗೆ ಬೀಳುತ್ತದೆ? ಪಹಣಿ ಯಾರ ಹೆಸರಿಗಿದೆಯೋ ಅವರ ಖಾತೆಗೆ. ಬಾಯಿಮಾತಿನ ಮೇಲೆ ಕೋರಿಗೆ ಮಾಡಿದವನು ಬೀಜ ಹಾಕಿದ, ಗೊಬ್ಬರ ಹಾಕಿದ, ಬೆಳೆ ಒಣಗಿದ್ದನ್ನು ಕಂಡ. ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಪರಿಹಾರದಲ್ಲಿ ಅವನಿಗೆ ಪಾಲು ಕೊಡುವ ಧರ್ಮವಂತರು ನಮ್ಮಲ್ಲಿ ಇದ್ದಾರೆ, ಕೊಡದವರೂ ಇದ್ದಾರೆ. ಕಾದಂಬರಿ ಓದುವಾಗ ಏಳುವ ಮೊದಲನೇ ಪ್ರಶ್ನೆ ಇದು.

ಮುಂದಿನದು ಗುಳೆಯ ದಾರಿ. ಜೋಡ್ ಮನೆಯವರ ಕೈಯಲ್ಲಿ ಒಂದು ಕರಪತ್ರ ಇದೆ: ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಕೀಳಲು ಆಳು ಬೇಕು, ಒಳ್ಳೆ ಕೂಲಿ. ದಾರಿಯಲ್ಲಿ, ಅಲ್ಲಿಂದ ವಾಪಸು ಬರುತ್ತಿದ್ದ ಚಿಂದಿ ಬಟ್ಟೆಯ ಒಬ್ಬ ಮನುಷ್ಯ ಆ ಕರಪತ್ರದ ಮರ್ಮ ಬಿಡಿಸಿ ಹೇಳುತ್ತಾನೆ. ತೋಟದವನಿಗೆ ಬೇಕಾದ್ದು 800 ಆಳು. ಅವನು ಅಚ್ಚು ಹಾಕಿಸೋದು 5,000 ಕಾಗದ. ಅದನ್ನು 20,000 ಜನ ಓದುತ್ತಾರೆ, ಎರಡು ಮೂರು ಸಾವಿರ ಜನ ಹೊರಡುತ್ತಾರೆ. ಬಾಗಿಲಲ್ಲಿ ಹಸಿದ ಜನ ಹೆಚ್ಚಾದಷ್ಟೂ ಒಬ್ಬ ಇನ್ನೊಬ್ಬನಿಗಿಂತ ಕಡಿಮೆ ಕೂಲಿಗೆ ಒಪ್ಪುತ್ತಾನೆ. ಹೀಗೆ ಹೇಳಿದ ಆ ಮನುಷ್ಯ ಅಲ್ಲಿಗೆ ಹೋಗಿ ತನ್ನ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕಳಕೊಂಡು ಬಂದವನು. 1930ರಿಂದ 1940ರೊಳಗೆ ಓಕ್ಲಹೋಮಾ ಮತ್ತು ಸುತ್ತಲ ರಾಜ್ಯಗಳಿಂದ ಕ್ಯಾಲಿಫೋರ್ನಿಯಾಕ್ಕೆ ಹೀಗೆ ಹೋದವರು 3 ಲಕ್ಷಕ್ಕೂ ಮೇಲೆ.

ಗುಳೆ ಎಂಬ ಮಾತಿಗೆ ಅರ್ಥ ಹೇಳಿಕೊಡಬೇಕಾದ ಊರು ಇದಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಐದರಲ್ಲಿ ಒಬ್ಬರಂತೆ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿದಾಗ ನಮ್ಮ ಎರಡೂ ಅದರೊಳಗಿದ್ದವು. ಮಳೆ ಹೋದ ವರ್ಷ ಏನಾಗುತ್ತದೆ ಅನ್ನೋದು ನಿಮಗೇ ಗೊತ್ತು. ಮುದುಕರನ್ನೂ ಸ್ಕೂಲಿಗೆ ಹೋಗುವ ಮಕ್ಕಳನ್ನೂ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ, ಕೆಲವರು ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆಗೆ. ಆ ಕರಪತ್ರದ ಕೆಲಸವನ್ನು ನಮ್ಮಲ್ಲಿ ಮೇಸ್ತ್ರಿಯ ಮುಂಗಡ ಮಾಡುತ್ತದೆ. ಮುಂಗಡ ಇಸಕೊಂಡವನು ಅಲ್ಲಿ ಹೋಗಿ ಕೂಲಿಯ ಮಾತೆತ್ತುವ ಹಾಗಿಲ್ಲ.

ಇಲ್ಲಿಯವರೆಗೆ ಕತೆ ಕೇಳಿದ ಯಾವ ರೈತನಾದರೂ ಜೋಡ್ ಮನೆಯವರ ಪಕ್ಕದಲ್ಲೇ ಕುಂತುಕೊಳ್ಳುತ್ತಾನೆ. ಇದು ನಮ್ಮ ಕತೆ, ಬ್ಯಾಂಕು ನಮ್ಮನ್ನೂ ಹೀಗೇ ಮಾಡುತ್ತೆ ಅನ್ನುತ್ತಾನೆ. ತಪ್ಪೇನಿಲ್ಲ. ಆದರೆ ನಮ್ಮ ಹೆಸರಿನಲ್ಲಿ ಪಹಣಿ ಇದೆ. ಶೇಂಗಾ ಕೀಳುವ ಕಾಲಕ್ಕೆ ನಾವು ಆಳು ಕರೆಯುವವರು. ಹಾಗಾಗಿ ಇದೇ ಕಾದಂಬರಿಯ 22ನೇ ಅಧ್ಯಾಯದಲ್ಲಿ ಬರುವ ಇನ್ನೊಬ್ಬ ಮನುಷ್ಯನನ್ನು ನೀವು ಗುರುತು ಮಾಡಿಕೊಳ್ಳಬೇಕು.

ಅವನ ಹೆಸರು ಥಾಮಸ್. ಸಣ್ಣ ರೈತ, ಕೆಟ್ಟವನಲ್ಲ. ಆಳುಗಳ ಜೊತೆ ಮರ್ಯಾದೆಯಿಂದ ಮಾತಾಡುವವನು. ಗಂಟೆಗೆ 30 ಸೆಂಟ್ ಕೂಲಿ ಕೊಡುತ್ತಿದ್ದ. ಜೋಡ್ ಮನೆಯ ಹಿರೇ ಹುಡುಗರಲ್ಲೊಬ್ಬನಾದ ಟಾಮ್ ಕೆಲಸಕ್ಕೆ ಬಂದ ದಿನ ಇವನು ತಲೆ ತಗ್ಗಿಸಿಕೊಂಡು ಹೇಳುತ್ತಾನೆ: ಇವತ್ತಿನಿಂದ 25 ಸೆಂಟ್ ಮಾತ್ರ. ಯಾಕೆ ಅಂದರೆ, ಅವನು ಅಲ್ಲಿನ ರೈತರ ಸಂಘದ ಸದಸ್ಯ. ಆ ಸಂಘದ ಜುಟ್ಟು ಬ್ಯಾಂಕಿನ ಕೈಯಲ್ಲಿದೆ. ಈ ಸೀಮೆಯ ಕೂಲಿ 25 ಎಂದು ಸಂಘ ಗೊತ್ತು ಮಾಡಿದೆ. ನೀನು 30 ಕೊಟ್ಟರೆ ಬೇರೆ ಕಡೆ ಆಳು ತಿರುಗಿ ಬೀಳುತ್ತವೆ, ಮುಂದಿನ ವರ್ಷ ನಿನಗೂ ಬೆಳೆ ಸಾಲ ಬೇಕಲ್ಲವೇ ಎಂದು ಅವನಿಗೆ ಸೂಚನೆ ಬಂದಿದೆ. ಅವನ ಹತ್ತಿರ ಉತ್ತರ ಇಲ್ಲ. ಸಾಲ ಬೇಕು, ಆದ್ದರಿಂದ ಕೂಲಿ ಇಳಿಸಿದ.

ಬಂಧುಗಳೇ, ಇಡೀ ಕಾದಂಬರಿಯಲ್ಲಿ ನಮ್ಮಂಥವರ ಜಾಗ ಇದು. ಮೇಲಿನಿಂದ ಒತ್ತುವ ಕೈಯನ್ನು ತಡೆಯಲಾರದೆ ಕೆಳಗಿನವನನ್ನು ಒತ್ತುವ ರೈತ. ಥಾಮಸನಿಗೆ ಇದು ಅನ್ಯಾಯ ಅಂತ ಗೊತ್ತು. ಗೊತ್ತಿದ್ದೇ ಒತ್ತುತ್ತಾನೆ. ಆದರೂ ಅವನಲ್ಲಿ ಮನುಷ್ಯತ್ವ ಉಳಿದಿದೆ: ಶನಿವಾರ ರಾತ್ರಿ ಕೂಲಿಗಳ ಶಿಬಿರದ ಕುಣಿತಕ್ಕೆ ನುಗ್ಗಿ ಗಲಾಟೆ ಎಬ್ಬಿಸುವ ಹುನ್ನಾರ ನಡೆದಿದೆ ಎಂದು ಗುಟ್ಟಾಗಿ ತಿಳಿಸುತ್ತಾನೆ. ಅವನ ಒಂದು ಮಾತಿನಿಂದ ಶಿಬಿರ ಉಳಿಯುತ್ತದೆ.

ಅಂಥ ಸಂಘಗಳು ಕತೆಯಲ್ಲಿ ಮಾತ್ರ ಇದ್ದವು ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 1934ರಲ್ಲಿ ‘ಅಸೋಸಿಯೇಟೆಡ್ ಫಾರ್ಮರ್ಸ್’ ಎಂಬ ಸಂಘ ಹುಟ್ಟಿತು. ಹೆಸರು ರೈತರದು. ಅದಕ್ಕೆ ದುಡ್ಡು ಕೊಟ್ಟವರಲ್ಲಿ ರೈಲ್ವೆ, ವಿದ್ಯುತ್ ಕಂಪನಿ, ಹಣ್ಣು ಡಬ್ಬಿ ಮಾಡುವ ಕಾರ್ಖಾನೆಗಳು ಇದ್ದವು. ಅಮೆರಿಕದ ಸೆನೆಟ್ಟಿನ ಸಮಿತಿಯೊಂದರ ವಿಚಾರಣೆಯಲ್ಲಿ ಇದೆಲ್ಲ ಬಯಲಿಗೆ ಬಂತು. ಈ ಸಂಘ ಸ್ಟೀನ್‌ಬೆಕ್ಕರ ಪುಸ್ತಕವನ್ನು ಸುಳ್ಳಿನ ಕಂತೆ ಎಂದು ಜರೆಯಿತು. 1939ರ ಆಗಸ್ಟಿನಲ್ಲಿ ಕೆರ್ನ್ ಜಿಲ್ಲೆಯ ಆಡಳಿತ ಅದನ್ನು ತನ್ನ ಗ್ರಂಥಾಲಯ, ಶಾಲೆಗಳಿಂದ ತೆಗೆಸಿತು. ಅಲ್ಲಿನ ಗ್ರಂಥಪಾಲಕಿ ಗ್ರೆಚನ್ ನೀಫ್ ಇದು ತಪ್ಪು ಎಂದು ಬರೆದು ಪ್ರತಿಭಟಿಸಿದರು. 1941ರಲ್ಲಿ ನಿಷೇಧ ಹೋಯಿತು. ಜಮೀನಿದ್ದವರ ಹೆಸರು ಹೇಳಿಕೊಂಡು, ಜಮೀನು ಕಳಕೊಂಡವರ ಪುಸ್ತಕವನ್ನು ಕಟ್ಟಿಟ್ಟರು. ಯಾರ ದುಡ್ಡಿನಲ್ಲಿ ಯಾವ ಸಂಘ ನಡೆಯುತ್ತದೆ ಎಂದು ಕೇಳುವ ಅಭ್ಯಾಸ ನಮಗೂ ಇರಲಿ.

ಥಾಮಸನ ಕೈ ಕಟ್ಟಿದ್ದು ಹೇಗೆ ಅನ್ನುವುದು 25ನೇ ಅಧ್ಯಾಯದಲ್ಲಿದೆ. ಹಣ್ಣು ಮರದ ತುಂಬ ಬಿಟ್ಟಿದೆ. ಡಬ್ಬಿ ಕಾರ್ಖಾನೆಯವನು ಕೊಡುವ ಬೆಲೆಯಲ್ಲಿ ಹಣ್ಣು ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಕಾರ್ಖಾನೆಯವನಿಗೆ ಸ್ವಂತ ತೋಟವೂ ಇದೆ. ತನ್ನ ತೋಟದ ಹಣ್ಣನ್ನು ತಾನೇ ಕಡಿಮೆ ಬೆಲೆಗೆ ಕೊಂಡು ಡಬ್ಬಿಯಲ್ಲಿ ಲಾಭ ಮಾಡುತ್ತಾನೆ. ಬರೀ ತೋಟ ಇರುವ ಸಣ್ಣ ರೈತ ಅದೇ ಬೆಲೆಗೆ ಮುಳುಗುತ್ತಾನೆ, ಅವನ ತೋಟವೂ ಕೊನೆಗೆ ಅವರದೇ ಆಗುತ್ತದೆ. ಹಣ್ಣು ಕೊಳೆಯುತ್ತದೆ. ಹಸಿದವರು ತಿನ್ನದ ಹಾಗೆ ಕಿತ್ತಳೆ ರಾಶಿಗೆ ಸೀಮೆಎಣ್ಣೆ ಹೊಡೆಯುತ್ತಾರೆ.

ಈರುಳ್ಳಿ ಕಿತ್ತ ಕೂಲಿ ಹುಟ್ಟದೆ ಹೊಲದಲ್ಲೇ ಕುಂಟೆ ಹೊಡೆದವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಶೇಂಗಾದ ಕತೆ ಇನ್ನೂ ಉದ್ದ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಎರಡನೇ ಮುಂಬಯಿ ಎಂದು ಹೆಸರಾದ ಊರು. 1994ರಲ್ಲಿ ತಾಳೆ ಎಣ್ಣೆಯನ್ನು ಯಾರು ಬೇಕಾದರೂ ಆಮದು ಮಾಡಬಹುದೆಂದು ಬಾಗಿಲು ತೆರೆದರು. ಆಗ ಆಮದು ಸುಂಕ ನೂರಕ್ಕೆ 65. 1998ರ ಹೊತ್ತಿಗೆ ಅದು ನೂರಕ್ಕೆ 15ಕ್ಕೆ ಇಳಿಯಿತು. ಅಗ್ಗದ ಎಣ್ಣೆ ಹಡಗಿನಲ್ಲಿ ಬಂತು, ಇಲ್ಲಿನ ಎಷ್ಟೋ ಗಿರಣಿಗಳ ಬಾಗಿಲು ಮುಚ್ಚಿತು. ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವ ಸ್ಥಿತಿ ಬಂತು. ಮಂಡಿಯಲ್ಲಿ ನಿಮ್ಮ ಚೀಲದ ಮೇಲೆ ಕೂಗುವ ಬೆಲೆಯನ್ನು ಗೊತ್ತು ಮಾಡುವವನು ಆ ದಲ್ಲಾಳಿಯೊಬ್ಬನೇ ಅಲ್ಲ. ಸುಂಕದ ಕಾಗದಕ್ಕೆ ಸಹಿ ಹಾಕುವವರೂ ಹೌದು. ಕಾದಂಬರಿಯಲ್ಲಿ ಮನೆ ಕೆಡವಲು ಬಂದ ಟ್ರ್ಯಾಕ್ಟರಿನ ಮುಂದೆ ಬಂದೂಕು ಹಿಡಿದು ನಿಂತ ರೈತ, ಹಾಗಾದರೆ ನಾನು ಯಾರನ್ನು ಹೊಡೆಯಬೇಕು ಎಂದು ಕೇಳುತ್ತಾನೆ. ಡ್ರೈವರಿಗೆ ಹೇಳಿದವನು ಬ್ಯಾಂಕಿನವನು, ಅವನಿಗೆ ಹೇಳಿದವನು ಇನ್ನೆಲ್ಲೋ ದೂರದಲ್ಲಿದ್ದಾನೆ.

ದೂರದವನು ಕೈಗೆ ಸಿಗುವುದಿಲ್ಲ. ಹತ್ತಿರದವರು ಸಿಗುತ್ತಾರೆ. ಹತ್ತಿರ ಯಾರಿದ್ದಾರೆ? ಕಳೆ ತೆಗೆಯುವ ಹೆಂಗಸರು, ಗಿಡ ಕೀಳುವವರು, ಕುಂತು ಕಾಯಿ ಬಿಡಿಸುವವರು. ಧಾರಣೆ ಬಿದ್ದ ವರ್ಷ ನಮ್ಮ ಹಳ್ಳಿ ಕಟ್ಟೆಯ ಮೇಲೆ ಕೇಳಿಬರುವ ಮಾತು ಏನು? ಆಳು ಸಿಗಲ್ಲ, ಕೂಲಿ ವಿಪರೀತ ಆಯ್ತು, ಇವರಿಂದಲೇ ಒಕ್ಕಲುತನ ಕೆಟ್ಟಿತು. ಕೂಲಿ ಕೊಟ್ಟು ಕೈ ಸುಟ್ಟುಕೊಂಡ ರೈತನ ಸಂಕಟ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡೋಣ.

2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಅದು ಎಲ್ಲಿಂದ ಬಂತು? ಕ್ವಿಂಟಾಲಿಗೆ 4,842 ರೂಪಾಯಿ ಖರ್ಚು ಎಂದು ಹಿಡಿದು ಅದರ ಮೇಲೆ ಅರ್ಧ ಸೇರಿಸಿದರು. ಆ 4,842ರಲ್ಲಿ ಬೀಜ, ಗೊಬ್ಬರದ ಜೊತೆ ನಾವು ಕೊಟ್ಟ ಕೂಲಿ ಇದೆ. ನಮ್ಮ ಮನೆಯವರು ದುಡಿದ ದುಡಿಮೆಗೂ ಕೂಲಿ ದರದ ಆಧಾರದಲ್ಲೇ ಬೆಲೆ ಕಟ್ಟಿ ಸೇರಿಸಿರುತ್ತಾರೆ. ಸ್ವಂತ ಜಮೀನಿನ ಬಾಡಿಗೆ, ಹೂಡಿದ ಸ್ಥಿರ ಬಂಡವಾಳದ ಬಡ್ಡಿ ಇದರಲ್ಲಿಲ್ಲ. ಅವನ್ನೂ ಸೇರಿಸಿ ಅದರ ಮೇಲೆ ಅರ್ಧ ಕೊಡಿ ಎಂಬುದು ರೈತರ ಹಳೆಯ ಬೇಡಿಕೆ. 2004ರಲ್ಲಿ ನೇಮಕವಾದ ಸ್ವಾಮಿನಾಥನ್ ಆಯೋಗ ಖರ್ಚಿನ ಮೇಲೆ ಕನಿಷ್ಠ ನೂರಕ್ಕೆ 50 ಹೆಚ್ಚು ಕೊಡಬೇಕೆಂದು ಹೇಳಿದ ಮೇಲೆ ಆ ಬೇಡಿಕೆಗೆ ಬಲ ಬಂತು.

ಈಗ ಯೋಚನೆ ಮಾಡಿ. ಊರಿನ ಕೂಲಿ ದರ ಕೆಳಗೆ ಒತ್ತಿದರೆ ಏನಾಗುತ್ತದೆ? ನಿಮ್ಮ ಹೆಂಡತಿ ಬೆಳಗಿನಿಂದ ಬೈಗಿನ ತನಕ ಹೊಲದಲ್ಲಿ ಬಗ್ಗಿ ಮಾಡಿದ ಕೆಲಸದ ಬೆಲೆಯೂ ಅಷ್ಟೇ ಕೆಳಗೆ ಹೋಗುತ್ತದೆ. ಹೆಣ್ಣಾಳಿಗೆ ಕಡಿಮೆ, ಗಂಡಾಳಿಗೆ ಹೆಚ್ಚು ಎಂದು ನಾವೇ ಕಟ್ಟಿದ ದರ ನಮ್ಮ ಮನೆಯ ಹೆಣ್ಣುಮಕ್ಕಳ ಲೆಕ್ಕಕ್ಕೇ ಬಂದು ಕೂರುತ್ತದೆ. ಇವತ್ತಿನ ಸೂತ್ರದ ಪ್ರಕಾರ ಖರ್ಚಿನಲ್ಲಿ 1 ರೂಪಾಯಿ ಸೇರಿದರೆ ಬೆಂಬಲ ಬೆಲೆಯಲ್ಲಿ ಒಂದೂವರೆ ರೂಪಾಯಿ ಸೇರಬೇಕು. ಕೂಲಿ ಅಡಗಿಸಿದ ರೈತ ತನ್ನ ಬೇಡಿಕೆಯ ಬುಡವನ್ನೇ ತಾನು ಕಡಿದುಕೊಂಡ ಹಾಗೆ. ಸಾರಿದ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ ಅನ್ನುತ್ತೀರಿ. ಒಪ್ಪಿದೆ. ಜಗಳ ಇರಬೇಕಾದ್ದು ಆ ಎರಡರ ನಡುವಿನ ಅಂತರದ ಮೇಲೆ. ಅದನ್ನು ಬಿಟ್ಟು ಕಾಯಿ ಬಿಡಿಸುವವಳ ಹತ್ತು ರೂಪಾಯಿಗೆ ಜಗಳ ಆಡಿದರೆ ಗೆಲ್ಲುವವನು ಮೂರನೆಯವನು.

ಇನ್ನೊಂದು ಮಾತು. ಅಮೆರಿಕದಲ್ಲಿ ಥಾಮಸ್ ಬೇರೆ, ಟಾಮ್ ಬೇರೆ. ನಮ್ಮ ಸೀಮೆಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಾರೆ. ಅಪ್ಪ ಆರು ಎಕರೆ ಮಸಾರಿ ಇಟ್ಟುಕೊಂಡು ಊರಿನಲ್ಲಿ ಆಳು ಕರೆಯುತ್ತಾನೆ. ಮಗ ಬೆಂಗಳೂರಿನಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ ಯಾರದೋ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಾನೆ. ಮಗನಿಗೆ ಮೇಸ್ತ್ರಿ ಕೂಲಿ ಮುರಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಆ ಉರಿ ನಮ್ಮ ಹೊಲಕ್ಕೆ ಬಂದ ಪಕ್ಕದೂರಿನ ಹುಡುಗನ ಮೇಲೂ ಇರಬೇಡವೇ?

ಪುಸ್ತಕವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಅದರಲ್ಲಿ ಕಾಣದವರನ್ನೂ ಹುಡುಕಬೇಕು. ಜೋಡ್ ಮನೆಯವರು ಬರುವ ಮುಂಚೆ ಆ ತೋಟಗಳಲ್ಲಿ ದುಡಿದವರು ಚೀನಾ, ಜಪಾನ್, ಮೆಕ್ಸಿಕೋ, ಫಿಲಿಪೀನ್ಸ್ ಕಡೆಯ ಕೂಲಿಗಳು. 1930ರ ದಶಕದಲ್ಲಿ ಮೆಕ್ಸಿಕೋ ಮೂಲದ ಲಕ್ಷಾಂತರ ಜನರನ್ನು ಅಮೆರಿಕ ಗಡಿಯಾಚೆ ಕಳಿಸಿತು. ಕಾದಂಬರಿಯಲ್ಲಿ ಅವರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ. ನಾವು ‘ರೈತ’ ಎಂದು ಕೂಗುವಾಗ ಆ ಮಾತಿನೊಳಗೆ ಯಾರು ಬರುತ್ತಾರೆ, ಯಾರು ಹೊರಗೆ ನಿಂತಿದ್ದಾರೆ ಎಂದು ನಮ್ಮ ಊರಿನ ಕೇರಿಗಳನ್ನು ನೋಡಿ ಕೇಳಿಕೊಳ್ಳಬೇಕು.

ಓದುವ ಕ್ರಮ ಹೇಳುತ್ತೇನೆ. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗ ಹುಡುಗಿಯರು ಊರಿಗೆ ಒಬ್ಬರಾದರೂ ಇದ್ದಾರೆ. ವಾರಕ್ಕೆ ಒಂದು ಅಧ್ಯಾಯ ಅವರು ಓದಿ ಕನ್ನಡದಲ್ಲಿ ಹೇಳಲಿ. ಒಂದು ಅಧ್ಯಾಯ ಜೋಡ್ ಮನೆಯ ಕತೆ, ಮುಂದಿನದು ಇಡೀ ಸೀಮೆಯ ಕತೆ ಎಂದು ಹೆಚ್ಚುಕಡಿಮೆ ಸರದಿಯಲ್ಲಿ ಬರುತ್ತವೆ. ಎರಡನ್ನೂ ಬಿಡಬೇಡಿ. ಪ್ರತಿ ಸಲವೂ ಮೂರು ಪ್ರಶ್ನೆ ಕೇಳಿ: ಇಲ್ಲಿ ಬೆಲೆ ಕಟ್ಟಿದವರು ಯಾರು? ಕೂಲಿ ಕಟ್ಟಿದವರು ಯಾರು? ಸಾಲದ ಹಗ್ಗ ಯಾರ ಕೈಲಿದೆ? ಸರ್ಕಾರಿ ಶಿಬಿರದ ಭಾಗ ಬಂದಾಗ ನಿಂತು ಓದಿ. ನಲ್ಲಿ ನೀರು, ಕಕ್ಕಸು, ತಮ್ಮ ಸಮಿತಿ ತಾವೇ ಆರಿಸಿಕೊಳ್ಳುವ ಹಕ್ಕು, ವಾರಂಟ್ ಇಲ್ಲದೆ ಪೊಲೀಸರು ಒಳಗೆ ಬರುವ ಹಾಗಿಲ್ಲ ಎಂಬ ನಿಯಮ, ಇಷ್ಟು ಸಿಕ್ಕಿದ್ದಕ್ಕೇ ಆ ಜನ ಮತ್ತೆ ಮನುಷ್ಯರಾದರು. ಬೆಂಗಳೂರಿನಲ್ಲಿ ಶೆಡ್ಡಿನಲ್ಲಿರುವ ನಮ್ಮವರಿಗೆ ಇದರಲ್ಲಿ ಯಾವುದು ಸಿಕ್ಕಿದೆ ಎಂದು ಹಬ್ಬಕ್ಕೆ ಬಂದಾಗ ಅವರನ್ನೇ ಕೂರಿಸಿಕೊಂಡು ಕೇಳಿ.

ಹೆಣ್ಣುಮಕ್ಕಳು ಕೂಟದಲ್ಲಿ ಇರಲೇಬೇಕು. ಈ ಕತೆಯಲ್ಲಿ ಗಂಡಸರು ಒಬ್ಬೊಬ್ಬರಾಗಿ ಕುಸಿಯುತ್ತಾ ಹೋದ ಹಾಗೆ ಮನೆ ಹಿಡಿದು ನಿಲ್ಲಿಸುವವಳು ತಾಯಿ. ಅತ್ತೆ ಸತ್ತದ್ದನ್ನು ಯಾರಿಗೂ ಹೇಳದೆ, ಮರುಭೂಮಿ ದಾಟುವ ರಾತ್ರಿಯೆಲ್ಲ ಹೆಣದ ಪಕ್ಕದಲ್ಲಿ ಮಲಗಿ ಸಂಸಾರವನ್ನು ಆಚೆ ದಡ ಸೇರಿಸುವವಳು ಅವಳು. 1940ರಲ್ಲಿ ಜಾನ್ ಫೋರ್ಡ್ ಇದನ್ನು ಸಿನಿಮಾ ಮಾಡಿದರು, ಒಳ್ಳೆಯ ಸಿನಿಮಾ. ಆದರೆ ಪುಸ್ತಕದ ಕೊನೆ ಅದರಲ್ಲಿ ಇಲ್ಲ. ಪುಸ್ತಕದ ಕೊನೆಯಲ್ಲಿ ಮಳೆ, ನೆರೆ. ಮನೆಮಗಳಿಗೆ ಸತ್ತ ಕೂಸು ಹುಟ್ಟಿದೆ. ಒಂದು ಕೊಟ್ಟಿಗೆಯಲ್ಲಿ, ತನ್ನ ಪಾಲಿನ ಅನ್ನವನ್ನು ಮಗನಿಗೆ ಕೊಟ್ಟು ಹಸಿವಿನಿಂದ ಸಾಯುತ್ತಿರುವ ಗುರುತು ಪರಿಚಯವಿಲ್ಲದ ಒಬ್ಬನಿಗೆ ಅವಳು ಮೊಲೆಹಾಲು ಕೊಡುತ್ತಾಳೆ. ಓದಿ ಬೆಚ್ಚಿದವರು ಬಹಳ. ಏನೂ ಉಳಿಯದವಳು ಕೊಟ್ಟದ್ದನ್ನು ಸ್ವಲ್ಪ ಉಳಿದಿರುವ ನಾವು ನೋಡಬೇಕು.

ನಮ್ಮ ಹಿರಿಯರಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದು ಜಮೀನಿದ್ದವರ ನಡುವೆ ನಡೆಯಿತು, ಜಮೀನಿಲ್ಲದವನಿಗೆ ಅದರಲ್ಲಿ ಪಾಲಿರಲಿಲ್ಲ. ಅವನ ಜೊತೆಗೂ ಅಂಥದೊಂದು ಮಾತು ಆಗಬೇಕಾಗಿದೆ. ಈ ಸಲ ಶೇಂಗಾ ಕೀಳುವ ಮುಂಚೆ ಊರಿನ ಕೂಲಿಕಾರರನ್ನು ಕಟ್ಟೆಗೆ ಕರೆಯಿರಿ, ಸಮಕ್ಕೆ ಕೂರಿಸಿಕೊಳ್ಳಿ. ಹೆಣ್ಣಾಳು ಗಂಡಾಳು ಎಂಬ ಭೇದ ಇಲ್ಲದೆ ಕೂಲಿ ಮಾತಾಡಿ. ಕೊಟ್ಟ ಕೂಲಿ, ಮನೆಯವರ ದುಡಿಮೆ, ಬೀಜ, ಗೊಬ್ಬರ, ಬಡ್ಡಿ ಎಲ್ಲ ಪುಸ್ತಕದಲ್ಲಿ ಬರೆದಿಡಿ. ಕಾಯಿ ಮಂಡಿಗೆ ಹೋಗುವ ದಿನ ಆ ಪುಸ್ತಕ ಕೈಲಿರಲಿ, ಬೆಲೆ ಕೇಳಲು ಹೋಗುವಾಗ ಕೂಲಿಯವರೂ ಜೊತೆಗೆ ಇರಲಿ. ಥಾಮಸ್ ಒಬ್ಬನೇ ನಿಂತಿದ್ದ, ಅದಕ್ಕೇ ಬಗ್ಗಿದ.